ನಾವು ಹಿಡಿದ ನೇಮ, ನಮ್ಮನ್ನು ಹಿಡಿದ ಚಟ



ಶ್ರಾವಣ ಮಾಸದ ಪ್ರವಚನಕ್ಕೆಂದು ವಿಜಯಪುರ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದೆವು. ಪ್ರವಚನ ಮುಗಿದು, ಮಂಗಳಾರತಿಯಾಗಿ, ಜನರೆಲ್ಲ ಪ್ರಸಾದಕ್ಕೆ ಎದ್ದ ಮೇಲೂ ಹಿರಿಯರೊಬ್ಬರು ಕಂಬಕ್ಕೆ ಒರಗಿ ಕುಳಿತೇ ಇದ್ದರು. ವಯಸ್ಸು ಎಪ್ಪತ್ತೈದರ ಸುಮಾರು. ಹತ್ತಿರ ಕರೆದು ಕೇಳಿದರೆ, “ಅಜ್ಜಾರ, ಹೊತ್ತು ಹೋಗವಲ್ದ್ರಿ” ಎಂದರು. ಪತ್ನಿ ಲಿಂಗೈಕ್ಯರಾಗಿ ಎರಡು ವರ್ಷ. ಮಗ, ಸೊಸೆ ಬೆಂಗಳೂರಿನಲ್ಲಿ. ಹೊಲ ಲಾವಣಿಗೆ ಕೊಟ್ಟಿದ್ದಾರೆ. ಎತ್ತು ಮಾರಿ ಬಹಳ ದಿನವಾಯಿತು, ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರ್ ಬರುತ್ತದೆ. ತಂಗಿಯ ಮಗಳು ಬಂದು ರೊಟ್ಟಿ ಮಾಡಿಟ್ಟು ಹೋಗುತ್ತಾಳೆ. ಉಣ್ಣಲಿಕ್ಕೆ, ಉಡಲಿಕ್ಕೆ ಕೊರತೆಯಿಲ್ಲ. “ಟಿವಿ ಐತಿ, ಮಗ ಕೊಡಿಸಿದ ಮೊಬೈಲ್ ಐತಿ. ಖರೆ, ಮುಂಜಾನಿ ಎದ್ದರ ಸಂಜಿ ಆಗೂದ ಇಲ್ಲ. ದೊಡ್ಡದೊಂದು ವ್ರತ ಹೇಳ್ರಿ, ಹಿಡೀತೀನಿ.”

ದೊಡ್ಡ ವ್ರತವನ್ನು ನಾವು ಹೇಳಲಿಲ್ಲ. “ಎತ್ತಿಗೆ ನೀರು ಕುಡಿಸೂ ಕಲ್ಲಿನ ಬಾನಿ ಇನ್ನೂ ಐತೇನು?” ಎಂದು ಕೇಳಿದೆವು. “ಐತ್ರಿ, ಮನಿ ಮುಂದ. ಒಳಗ ಕಸ ತುಂಬೇತಿ.” “ನಾಳೆ ಅದನ್ನು ತೊಳೀರಿ. ದಿನಾ ಮುಂಜಾನಿ ಸ್ನಾನಕ್ಕಿಂತ ಮೊದಲ ಎರಡು ಕೊಡ ನೀರು ಹಾಕ್ರಿ. ಹಾಕಿದ ಮ್ಯಾಲೆ ಐದು ನಿಮಿಷ ಅಲ್ಲೇ ಕುಂಡ್ರಿ, ಮೊಬೈಲ್ ಒಳಗಿರಲಿ.” ಹಿರಿಯರ ಮುಖ ಸಣ್ಣದಾಯಿತು. ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿರೆಂದು ಹೇಳಬಹುದೆಂದು ಅವರು ಎಣಿಸಿದ್ದರೋ ಏನೋ. ನಮಸ್ಕರಿಸಿ, ಮಾತಿಲ್ಲದೆ ಎದ್ದು ಹೋದರು.

ಅವರಿಗೆ ಏಕೆ ಹಾಗೆ ಹೇಳಿದೆವು ಎಂಬುದನ್ನೇ ಇಂದು ಬರೆಯಬೇಕೆಂದಿದೆ. ಏಕೆಂದರೆ ಈ ಮಾತನ್ನಾಡಿದ ಹಿರಿಯರು ಅವರೊಬ್ಬರೇ ಅಲ್ಲ. ಹೋದ ಹೋದ ಊರಿನಲ್ಲೆಲ್ಲ ಕಟ್ಟೆಯ ಮೇಲೆ ಒಬ್ಬರಾದರೂ ಸಿಗುತ್ತಾರೆ.

ಕನ್ನಡದಲ್ಲಿ ರೂಢಿ, ಚಟ, ನೇಮ ಎಂಬ ಮೂರು ಮಾತುಗಳಿವೆ. ದಿನವೂ ಮಾಡುವುದೆಲ್ಲ ರೂಢಿಯೇ. ಆದರೆ ಆ ರೂಢಿಯಲ್ಲಿ ಕೆಲವನ್ನು ನಾವು ಹಿಡಿದಿರುತ್ತೇವೆ, ಕೆಲವು ನಮ್ಮನ್ನು ಹಿಡಿದಿರುತ್ತವೆ. ನಾವು ಹಿಡಿದದ್ದು ನೇಮ, ನಮ್ಮನ್ನು ಹಿಡಿದದ್ದು ಚಟ. ವಸ್ತುವನ್ನು ನೋಡಿ ಇದು ಚಟ, ಇದು ನೇಮ ಎಂದು ಹೇಳಲಾಗದು. ಚಹಾವನ್ನೇ ತೆಗೆದುಕೊಳ್ಳಿ. ಬಸ್ ಸ್ಟ್ಯಾಂಡಿನ ಅಂಗಡಿಯ ಮುಂದೆ ನಿಂತು, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕಪ್ಪು, ಬಾಯಿಗೆ ಏನು ಬಿತ್ತೆಂಬುದೇ ತಿಳಿಯದೆ ಕುಡಿದ ನಾಲ್ಕನೆಯ ಚಹಾ ಒಂದು. ಸಂಜೆ ಹೊಲದಿಂದ ಬಂದು, ಕೈಕಾಲು ತೊಳೆದು, ಮನೆಯವಳನ್ನೂ ಒಲೆಯ ಮುಂದಿನಿಂದ ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿ, ಅರ್ಧರ್ಧ ಕಪ್ಪು ಕುಡಿಯುವ ಚಹಾ ಇನ್ನೊಂದು. ಪುಡಿಯೂ ಅದೇ, ಬೆಲ್ಲವೂ ಅದೇ. ಮೊದಲನೆಯದು ತಪ್ಪಿದರೆ ತಲೆ ನೋಯುತ್ತದೆ. ಎರಡನೆಯದು ತಪ್ಪಿದರೆ ಮನಸ್ಸಿಗೆ ಏನೋ ಕಳೆದಂತಾಗುತ್ತದೆ. ಚಟ ಯಾವುದು, ನೇಮ ಯಾವುದು ಎಂದು ಕೇಳುವವರಿಗೆ ನಾವು ಹೇಳುವ ಪರೀಕ್ಷೆ ಇಷ್ಟೇ.

ಕಲ್ಯಾಣದ ಶರಣರ ಬಾಳನ್ನು ಅನುಭವ ಮಂಟಪದ ದೊಡ್ಡ ಚರ್ಚೆಗಳಿಂದಲೇ ಅಳೆಯುವ ರೂಢಿ ನಮ್ಮ ವೇದಿಕೆಗಳಲ್ಲಿ ಬೆಳೆದುಬಿಟ್ಟಿದೆ. ಆ ಚರ್ಚೆಗೆ ಬಂದವರು ಇಡೀ ಹಗಲು ಏನು ಮಾಡುತ್ತಿದ್ದರು? ಚಂದಯ್ಯ ಹುಲ್ಲು ಹೊಸೆದು ಹಗ್ಗ ಮಾಡುತ್ತಿದ್ದ. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಈ ಮಾರಯ್ಯ, ಲಕ್ಕಮ್ಮ ದಂಪತಿ ನಮ್ಮ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅಂದಿಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂಬುದು ನಮ್ಮ ಮನೆಮನೆಯ ಕಥೆ. ಈ ಕಥೆಯನ್ನು ನಾವು ಆಸೆ ಬೇಡ ಎನ್ನಲು ಮಾತ್ರ ಹೇಳುತ್ತೇವೆ. ಇನ್ನೊಂದು ಅಂಶ ಅದರಲ್ಲಿದೆ. ಇಂದು ಅಕ್ಕಿ ಹೆಚ್ಚಾಗಿದೆ ಎಂದು ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ದಿನವೂ ಮೊರದಲ್ಲಿ ಹಾಕಿ, ಕೈಯಾಡಿಸಿ, ಕಣ್ಣಿಟ್ಟು ನೋಡಿದ್ದರಿಂದ. ನಿತ್ಯದ ಕೆಲಸದಲ್ಲಿ ಮನಸ್ಸಿಲ್ಲದ ಗೃಹಿಣಿಯಾಗಿದ್ದರೆ ಒಂದು ಹಿಡಿ ಅಕ್ಕಿಯ ವ್ಯತ್ಯಾಸ ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ಕಾಲದಲ್ಲೇ ಕಣ್ಣಾರೆ ಕಂಡವರಿದ್ದಾರೆ. ತುಮಕೂರು ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರ ಏಪ್ರಿಲ್ 1ರಂದು ಹುಟ್ಟಿ, 2019ರ ಜನವರಿ 21ರಂದು ಲಿಂಗೈಕ್ಯರಾದರು. ನೂರಾ ಹನ್ನೊಂದು ವರ್ಷದ ಬಾಳು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ದೊಡ್ಡ ಕೆಲಸದ ತಳದಲ್ಲಿದ್ದದ್ದು ಬೆಳಗಿನ ಜಾವಕ್ಕೆ ಮೊದಲೇ ಏಳುವುದು, ಇಷ್ಟಲಿಂಗ ಪೂಜೆ, ಮಿತವಾದ ಆಹಾರ ಎಂಬ ದಿನಚರಿ. ನೂರು ದಾಟಿದ ಮೇಲೂ ಅದು ಸಡಿಲಲಿಲ್ಲ. ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತೊಡುತ್ತಿದ್ದ ಬಿಳಿ ಅಂಗಿಗೆ ಕಿಸೆ ಇರಲಿಲ್ಲ. ಕಿಸೆ ಇದ್ದರಲ್ಲವೇ ಅದರೊಳಗೆ ಏನಾದರೂ ಇಡಬೇಕೆನಿಸುವುದು! ದರ್ಜಿಗೆ ಹೇಳಿ ಕಿಸೆ ಬಿಡಿಸುವುದು ಎಷ್ಟು ಸಣ್ಣ ಸಂಗತಿ. 2018ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಾಗ ಅವರು ಅದನ್ನು ವಿನಯದಿಂದ ಬೇಡವೆಂದರು. ಕಿಸೆಯಿಲ್ಲದ ಅಂಗಿಯನ್ನು ದಿನವೂ ತೊಟ್ಟವರಿಗೆ ಆ ‘ಬೇಡ’ ಎನ್ನುವುದು ಕಷ್ಟವಾಗಿರಲಿಕ್ಕಿಲ್ಲ ಎಂದು ನಮಗೆ ತೋರುತ್ತದೆ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಸ್ಮಾರಕ ಕಟ್ಟಬೇಡಿರೆಂದು ಮೊದಲೇ ಬರೆದಿಟ್ಟಿದ್ದರು.

ನಮ್ಮವರ ಪೂಜೆಯ ಕಡೆಗೂ ಸ್ವಲ್ಪ ನೋಡೋಣ. ಅಂಗೈಯಲ್ಲಿ ಲಿಂಗ, ಪಕ್ಕದಲ್ಲಿ ಫೋನು. ಫೋನು ‘ಟಿಂಗ್’ ಎಂದಾಗ ಕಣ್ಣು ಎತ್ತ ಹೊರಳುತ್ತದೆ? ಇದನ್ನು ಓದುವವರು ತಮ್ಮಷ್ಟಕ್ಕೆ ತಾವೇ ಉತ್ತರ ಹೇಳಿಕೊಳ್ಳಲಿ. ಮಠಗಳಲ್ಲಿಯೂ ಈ ರೋಗ ಇಲ್ಲವೆಂದು ನಾವು ಹೇಳಲಾರೆವು. ಒಂದು ತಾಸು ಹೀಗೆ ಕೂಡುವುದಕ್ಕಿಂತ ಹತ್ತೇ ನಿಮಿಷ, ಆದರೆ ಪೂರ್ತಿ ಹತ್ತು ನಿಮಿಷ ಕೂಡುವುದು ಮೇಲು. ಅರಿವಿಲ್ಲದ ಆಚಾರವನ್ನು ಶರಣರು ಎಂದೂ ಮೆಚ್ಚಲಿಲ್ಲ. ನಿತ್ಯ ಮಾಡುತ್ತೇವೆ ಎಂಬುದೊಂದೇ ಕಾರಣಕ್ಕೆ ಯಾವುದೂ ನೇಮವಾಗುವುದಿಲ್ಲ.

ಊಟದ ಮಾತೂ ಇದೇ. ಪ್ರಸಾದವೆಂದು ಉಂಡು, ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿ ನಮ್ಮ ಮಠಗಳಲ್ಲಿದೆ. ಹೊಸದಾಗಿ ನೋಡಿದ ಪಟ್ಟಣದ ಹುಡುಗರು ಮುಖ ತಿರುಗಿಸುತ್ತಾರೆ. ಅವರಿಗೆ ನಾವು ಹಾಗೆಯೇ ಮಾಡಿರೆಂದು ಒತ್ತಾಯಿಸುವುದಿಲ್ಲ. ಆದರೆ ತಟ್ಟೆ ತೊಳೆದು ಕುಡಿಯುವವನು ಬೇಕಾದಷ್ಟೇ ಹಾಕಿಸಿಕೊಳ್ಳುತ್ತಾನೆ, ಏನು ಉಂಡೆನೆಂಬುದು ಅವನಿಗೆ ನೆನಪಿರುತ್ತದೆ. ಟಿವಿಯ ಧಾರಾವಾಹಿಯ ಮುಂದೆ ಉಂಡವನನ್ನು ಕೇಳಿ ನೋಡಿ: ಪಲ್ಯ ಯಾವುದಿತ್ತು? ಧಾರಾವಾಹಿಯ ಅತ್ತೆ ಏನೆಂದಳೆಂದು ಹೇಳುತ್ತಾನೆ, ಬದನೆಕಾಯಿಯೋ ಹೀರೇಕಾಯಿಯೋ ಹೇಳಲಾರ. ಎಣ್ಣೆಗಾಯಿ ಮಾಡಿದ ತಾಯಿಗೆ ಇದಕ್ಕಿಂತ ದೊಡ್ಡ ಅಪಮಾನ ಇಲ್ಲ.

ತಾಯಂದಿರ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ‘ನಿತ್ಯದ ಕೆಲಸದಲ್ಲಿ ಆನಂದ ಕಾಣಿರಿ’ ಎಂದು ಗಂಡಸರು ಹೆಣ್ಣುಮಕ್ಕಳಿಗೆ ಉಪದೇಶ ಮಾಡುವುದು ಬಹಳ ಸುಲಭ. ಐದು ಗಂಟೆಗೆ ಎದ್ದು ಕಸ ಹೊಡೆದು, ನೀರು ತಂದು, ಮೂವತ್ತು ರೊಟ್ಟಿ ಬಡಿದು, ಮತ್ತೆ ಕೂಲಿಗೆ ಹೋಗುವವಳಿಗೆ ಅದು ನೇಮವೂ ಅಲ್ಲ, ಚಟವೂ ಅಲ್ಲ, ಹೊರೆ. ತಾನಾಗಿ ಆರಿಸಿಕೊಳ್ಳದ್ದು ನೇಮವಾಗಲಾರದು. ಅಂಥ ಮನೆಯಲ್ಲಿ ಒಳ್ಳೆಯ ರೂಢಿ ಶುರುವಾಗಬೇಕಾದದ್ದು ಗಂಡನಿಂದ. ಒಂದು ಕೊಡ ನೀರು ಅವನು ತರಲಿ, ತನ್ನ ತಟ್ಟೆ ತಾನು ತೊಳೆಯಲಿ. ಹಾಗೆ ಉಳಿದ ಅರ್ಧ ತಾಸಿನಲ್ಲಿ ಏನು ಮಾಡಬೇಕೆಂಬುದನ್ನು ಅವಳೇ ಗೊತ್ತುಮಾಡಲಿ. ಸುಮ್ಮನೆ ಕೂತರೂ ಸರಿ.

ಎಷ್ಟು ದಿನಕ್ಕೆ ರೂಢಿ ಬೇರೂರುತ್ತದೆ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಒಂದು ಮಂಡಲ, ಅಂದರೆ 48 ದಿನ ಎನ್ನುವ ಲೆಕ್ಕವುಂಟು. ಲಂಡನ್ ನಗರದ ವಿಶ್ವವಿದ್ಯಾಲಯವೊಂದರ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟದ ಜೊತೆ ಒಂದು ಲೋಟ ನೀರು ಕುಡಿಯುವುದರಂಥ ಸಣ್ಣ ಕೆಲಸವನ್ನು ಒಬ್ಬೊಬ್ಬರೂ ಆರಿಸಿಕೊಂಡಿದ್ದರು. ಸುಮಾರು 66 ದಿನಕ್ಕೆ ಅದು ತಾನಾಗಿ ನಡೆಯತೊಡಗುತ್ತದೆಂದು ಅವರು ಕಂಡರು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜು ಮಾಡಿದರು. ಅಂಕಿಗಳಿಗಿಂತ ನಮಗೆ ಹಿಡಿಸಿದ್ದು ಅವರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯಿಲ್ಲ. ನಮ್ಮ ಭಕ್ತರು ಒಂದು ಸೋಮವಾರ ತಪ್ಪಿತೆಂದು ವ್ರತವನ್ನೇ ಬಿಟ್ಟುಬಿಡುತ್ತಾರೆ. ಮುರಿಯಿತು ಎಂದು ಅಳುತ್ತಾರೆ. ಮುರಿಯಲಿಕ್ಕೆ ಅದೇನು ಮಡಕೆಯೇ? ಮರುದಿನ ಎದ್ದು ಮಾಡಿದರಾಯಿತು.

ಇನ್ನು ಬಾನಿಯ ಹಿರಿಯರ ಸುದ್ದಿ. ದೀಪಾವಳಿ ಮುಗಿದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆವು. ಬಾನಿ ಪಳಪಳ ಹೊಳೆಯುತ್ತಿತ್ತು. ಓಣಿಯ ಎರಡು ಆಡು, ಕರುವೊಂದು, ಒಂದು ಹಿಂಡು ಗುಬ್ಬಿ. “ಆ ಕರಿ ಆಡು ಭಾಳ ಕಳ್ಳ ಐತ್ರಿ, ಮೊದಲ ಬಂದು ನಿಂತಿರ್ತದ” ಎಂದು ಹೇಳುವಾಗ ಅವರ ಮುಖ ಅರಳಿತ್ತು. ಎದುರು ಮನೆಯವರು ಈಗ ಮುಂಜಾನೆ ಅಲ್ಲೇ ಬಂದು ಕೂಡುತ್ತಾರಂತೆ. ನಮಗೂ ಒಳಗೊಳಗೇ ಹೆಮ್ಮೆಯಾಯಿತು.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ತಿಂಗಳೊಳಗೆ ಅವರ ಮಗನ ಫೋನು ಬಂತು. “ಬುದ್ಧಿ, ಮೊಮ್ಮಗಳಿಗೆ ಲಿಂಗದೀಕ್ಷೆ ಇಟ್ಟುಕೊಂಡೀವಿ. ಅಪ್ಪ ಬರೂದಿಲ್ಲ ಅಂತಾರ. ಬಾನಿಗೆ ನೀರು ಹಾಕೋರು ಯಾರು ಅಂತಾರ. ನೀವ ಹೇಳೀರಂತ.” ನಾವು ಸುಮ್ಮನಾದೆವು. ಹಿಡಿಯಿರೆಂದು ನಾವೇ ಹೇಳಿದ ನೇಮ ಅವರನ್ನು ಹಿಡಿಯತೊಡಗಿತ್ತು. ಬಿಡುವುದನ್ನೂ ಅಂದೇ ಹೇಳಿಕೊಡಬೇಕಿತ್ತು, ಹೇಳಿರಲಿಲ್ಲ. ಅದು ನಮ್ಮದೇ ತಪ್ಪು.

ಹಿರಿಯರಿಗೆ ಫೋನು ಮಾಡಿಸಿ, “ಯಜಮಾನ್ರ, ನೀವು ಬಾನಿಗೆ ನೀರು ಹಾಕ್ತೀರೋ, ಬಾನಿ ನಿಮಗ ಹಗ್ಗ ಹಾಕೇತೋ?” ಎಂದೆವು. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ಹದಿನೈದು ದಿನಕ್ಕ ಎದುರು ಮನಿ ಹುಡುಗಗ ಹೇಳಿ ಹೋಗ್ತೀನ್ರಿ” ಎಂದರು.

ಹೋಗಿ, ಮೊಮ್ಮಗಳ ದೀಕ್ಷೆ ನೋಡಿ, ಬಂದರು. ಏಳನೆಯ ಇಯತ್ತೆಯ ಆ ಹುಡುಗ ಮೊದಲ ದಿನ ಅರ್ಧ ಕೊಡ ಸುರಿದು ಆಡಲಿಕ್ಕೆ ಓಡಿದನಂತೆ. ಮರುದಿನ ಕರಿ ಆಡು ಒಣಗಿದ ಬಾನಿಯನ್ನು ನೆಕ್ಕುತ್ತ ನಿಂತದ್ದನ್ನು ಕಂಡು, ತಾನಾಗಿಯೇ ಎರಡು ಕೊಡ ತುಂಬಿದನಂತೆ. ಹಿರಿಯರು ತಿರುಗಿ ಬಂದ ಮೇಲೂ ಮುಂಜಾನೆಯ ಮೊದಲ ಕೊಡ ಅವನದೇ. ಎರಡನೆಯದು ಹಿರಿಯರದು.