ಗೊರೂರು ಸೀಮೆಯ ಕೆರೆಮೀನುಗಳೂ ಬೇಸಗೆಯ ಕಡೆಯ ನೀರೂ

ಹೇಮಾವತೀ ತೀರದ ಗೊರೂರಿನ ಸುತ್ತಮುತ್ತ, ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಸಣ್ಣ ಕೆರೆಗಳನ್ನುಳ್ಳ ಗ್ರಾಮಗಳ ಮುಖಂಡರು ಮೀನಿನ ವಿಷಯದಲ್ಲಿ ಸಾಮಾನ್ಯವಾಗಿ ಒಂದೇ ದೂರನ್ನು ಹೇಳುತ್ತಾರೆ. ಮರಿಗಳನ್ನು ತಂದು ಬಿಡುವುದೇನೋ ನಡೆಯುತ್ತದೆ. ಆದರೆ ಬಲೆ ಎಳೆದಾಗ ಬೆರಳುದ್ದದ ಮೀನುಗಳಲ್ಲದೆ ಬೇರೇನೂ ಮೇಲೆ ಬರುವುದಿಲ್ಲ. ಗಾಳ ಹಿಡಿದು ದಡದಲ್ಲಿ ಕೂಡುವವರ ಅನುಭವವೂ ಇದಕ್ಕೆ ಬೇರೆಯಲ್ಲ. ಇದಕ್ಕೆ ಪರಿಹಾರವಾಗಿ ಇನ್ನೂ ಹೆಚ್ಚು ಮರಿಗಳನ್ನು ಬಿಡಬೇಕೆಂದು ಹಲವರು ಸಲಹೆ ಕೊಡುತ್ತಾರೆ. ಈ ಸಲಹೆಯನ್ನು ನಾವು ಒಪ್ಪಲಾರೆವು. ಕೊರತೆಯಿರುವುದು ಮರಿಗಳ ಸಂಖ್ಯೆಯಲ್ಲಲ್ಲ. ಬೇಸಗೆಯ ಕಡೆಯಲ್ಲಿ ಕೆರೆಯೊಳಗೆ ಉಳಿಯಬೇಕಾದ ನೀರಿನಲ್ಲಿ. ಆ ನೀರನ್ನು ಉಳಿಸುವುದೂ ಬಿಡುವುದೂ ಇಲಾಖೆಯ ಕೈಯಲ್ಲಿಲ್ಲ, ತೂಬಿನ ಕೀಲಿಯನ್ನು ಯಾರು ಹಿಡಿದಿರುವರೋ ಅವರ ಕೈಯಲ್ಲಿದೆ.

ಮೊದಲು ಕೆರೆಯಲ್ಲಿ ಇರತಕ್ಕ ಮೀನುಗಳಾವುವೆಂಬುದನ್ನು ನೋಡೋಣ. ನಮ್ಮ ಹಿರಿಯರ ಕಾಲದಿಂದಲೂ ಇರುವ ಕೊರವ, ಬಾಳೆ, ಚೇಳುಮೀನು, ಸಸಲು, ಪಕ್ಕೆ ಮೊದಲಾದವು ಒಂದು ಬಗೆ. ಹೊರಗಿನಿಂದ ತಂದು ಬಿಟ್ಟ ಕಟ್ಲ, ರೋಹು, ಮೃಗಾಲ್ ಎಂಬ ಗೆಂಡೆ ಜಾತಿಗಳು ಮತ್ತೊಂದು ಬಗೆ. ಈ ಮೂರೂ ಗಂಗೆಯ ಬಯಲಿನ ನದಿಗಳ ಮೀನುಗಳು. ಮಳೆಗಾಲದ ಹೊಸ ಪ್ರವಾಹದಲ್ಲಲ್ಲದೆ ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. ಆದಕಾರಣ ಒಂದು ಕಾಲದಲ್ಲಿ ಇವುಗಳ ಮರಿಗಳನ್ನು ನದಿಗಳಿಂದಲೇ ಸೋಸಿ ತರಬೇಕಾಗಿತ್ತು. 1957ನೆಯ ಇಸವಿ ಜುಲೈ 10ರಂದು ಕಟಕದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಇವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಗಳು ಮೊಟ್ಟೆಯಿಡುವಂತೆ ಮಾಡಿದ ಮೇಲೆ ಮರಿಗಳು ಎಲ್ಲೆಡೆಯೂ ದೊರೆಯುವಂತಾದವು. ಆದರೂ ಕೆರೆಯಲ್ಲಿ ಇವು ತಾವಾಗಿ ಹೆಚ್ಚುವುದಿಲ್ಲವೆಂಬ ಸಂಗತಿ ಹಾಗೆಯೇ ಉಳಿದಿದೆ. ಬಿಟ್ಟಷ್ಟೇ ಮರಿ, ಉಳಿದಷ್ಟೇ ಬೆಳೆ.

ಮೂರನೆಯ ಬಗೆಯೇ ಈಗಿನ ತೊಂದರೆಗೆ ಮೂಲ. ಜನರು ಜಿಲೇಬಿ ಎಂದು ಕರೆಯುವ ಟಿಲಾಪಿಯ ಮೀನು ಆಫ್ರಿಕಾ ಖಂಡದ್ದು. ಭಾರತಕ್ಕೆ 1952ರಲ್ಲಿ ಬಂದಿತು. ತಾಯಿಯು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವುದರಿಂದ ಮರಿಗಳು ಹೆಚ್ಚಾಗಿ ಉಳಿಯುತ್ತವೆ. ಎರಡು ಮೂರು ತಿಂಗಳಲ್ಲಿಯೇ ಪ್ರಾಯಕ್ಕೆ ಬಂದು ವರ್ಷಕ್ಕೆ ಹಲವು ಸಲ ಸಂತಾನ ಮಾಡುವುದರಿಂದ ಕೆರೆ ತುಂಬಿಹೋಗುತ್ತದೆ. ಆಹಾರ ಸಾಲದೆ ಎಲ್ಲವೂ ಕುಳ್ಳಾಗಿಯೇ ಉಳಿಯುತ್ತವೆ. ಕೆರೆಯಲ್ಲಿ ಮೀನು ಕಿಕ್ಕಿರಿದಿದೆ ಎಂದು ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನು ಬಲೆ ಎಳೆದಾಗ ಕಾಣುವುದು ಇದನ್ನೇ. ಇನ್ನೊಂದು ಆಫ್ರಿಕಾದ ಕ್ಯಾಟ್‌ಫಿಷ್. ಇದು ಗಾಳಿಯನ್ನು ಉಸಿರಾಡಬಲ್ಲದು, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಗುಂಡಿಯನ್ನು ಸೇರಬಲ್ಲದು, ಸಿಕ್ಕಿದ ಮೀನನ್ನೆಲ್ಲ ನುಂಗಬಲ್ಲದು. ಇದರ ಸಾಕಣೆಯನ್ನು ಕೇಂದ್ರ ಸರ್ಕಾರದವರು 2000ನೆಯ ಇಸವಿಯಲ್ಲಿ ನಿಷೇಧಿಸಿದರು. ಹಾಗಿದ್ದರೂ ಬೇಗ ಬೆಳೆಯುವುದೆಂಬ ಆಸೆಯಿಂದ ಕದ್ದು ಸಾಕುವವರು ಇದ್ದೇ ಇದ್ದಾರೆ. ಅವರ ಹೊಂಡದ ಏರಿ ಒಂದು ಮಳೆಗೆ ಒಡೆದರೆ ಸಾಕು, ಊರ ಕೆರೆ ಕೆಟ್ಟಿತು.

ಊರ ಕೆರೆ ಕೆಟ್ಟರೆ ಊರಿಗೆ ಮಾತ್ರ ಕೆಟ್ಟಿತೆಂದು ತಿಳಿಯಲಾಗದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ಸುಮಾರು 37 ಟಿ. ಎಂ. ಸಿ. ನೀರು ಹೇಮಾವತೀ ಜಲಾಶಯದಲ್ಲಿ ನಿಲ್ಲುವಂತಾಯಿತು. ಅಂದಿನಿಂದ ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಬಯಲುಸೀಮೆಯ ಕಡೆಗೂ, ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಕಡೆಗೂ ಹರಿಯುತ್ತಿವೆ. ನಾಲೆಯ ನೀರಿನೊಡನೆ ಜಲಾಶಯದ ಮೀನು ಕೆರೆಗೆ ಬರುತ್ತದೆ; ಕೋಡಿ ಬಿದ್ದಾಗ ಕೆರೆಯ ಮೀನು ಹಳ್ಳ ಹಿಡಿದು ಹೊಳೆಗೆ ಹೋಗುತ್ತದೆ. ಹಿಂದೆ ಒಂದೊಂದು ಕೆರೆಯೂ ತನ್ನ ಮಟ್ಟಿಗೆ ಒಂದು ಪಾತ್ರೆಯಂತಿತ್ತು. ಈಗ ಅದು ಸರಪಣಿಯ ಒಂದು ಕೊಂಡಿ.

ಇನ್ನು ಕಡೆಯ ನೀರಿನ ವಿಚಾರ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ತೂಬಿನಿಂದ ನೀರು ಬಾರದಾಗುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ತಗ್ಗಿನಲ್ಲಿ ನಿಂತ ನೀರನ್ನು ಹಿಂದಿನವರು ದನಕರುಗಳಿಗಾಗಿ ಬಿಡುತ್ತಿದ್ದರು. ಪಂಪುಗಳು ಬಂದ ಮೇಲೆ ಅದಕ್ಕೂ ಕೊಳವೆ ಬಿದ್ದಿತು. ನೀರು ಮೊಣಕಾಲುದ್ದಕ್ಕೆ ಇಳಿದರೆ ಮೀನಿಗೆ ಎರಡು ವಿಪತ್ತು. ಒಂದನೆಯದು ಎಲ್ಲರಿಗೂ ಗೊತ್ತಿರತಕ್ಕದ್ದೇ: ಕೊಕ್ಕರೆಗೂ ಬುಟ್ಟಿಗೂ ಸುಲಭವಾಗಿ ಸಿಕ್ಕಿಬೀಳುವುದು. ಎರಡನೆಯದು ಕಣ್ಣಿಗೆ ಕಾಣದ್ದು. ಹಸುರು ಪಾಚಿ ಹಗಲಿನಲ್ಲಿ ನೀರಿಗೆ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿಯಲ್ಲಿ ತಾನೇ ಅದನ್ನು ಹೀರುತ್ತದೆ. ಕಾದ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಮೆ. ನೀರೂ ಸ್ವಲ್ಪ, ಪಾಚಿಯೂ ದಟ್ಟವಾದರೆ ಬೆಳಗಿನ ಜಾವದ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಮೋಡ ಕವಿದು ಬಿಸಿಲಿಲ್ಲದ ದಿವಸದ ಮಾರನೆಯ ಬೆಳಗ್ಗೆ ಸತ್ತು ತೇಲುತ್ತವೆ. ಇದನ್ನು ಕಂಡೊಡನೆ ಯಾರೋ ವಿಷ ಹಾಕಿದರೆಂದು ಎರಡು ಪಂಗಡಗಳು ಠಾಣೆಗೆ ಹೋಗುವುದುಂಟು. ವಿಷ ಹಾಕುವ ದುಷ್ಟರು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಜಗಳಕ್ಕೆ ಮೊದಲು ನೀರು ಎಷ್ಟು ಅಡಿ ಇತ್ತೆಂಬುದನ್ನು ಅಳೆದು ನೋಡುವುದು ಲೇಸು. ಗಾಳಿಯನ್ನು ಉಸಿರಾಡಬಲ್ಲ ಕೊರವವೂ ಚೇಳುಮೀನೂ ಬದುಕಿದ್ದು, ಕಟ್ಲ ರೋಹುಗಳು ಮಾತ್ರ ಸತ್ತಿದ್ದರೆ ಕಾರಣ ಬಹುಮಟ್ಟಿಗೆ ಉಸಿರುಕಟ್ಟಿದ್ದೇ ಆಗಿರುತ್ತದೆ.

ಹಾಗಾದರೆ ಎಷ್ಟು ನೀರನ್ನು ಉಳಿಸಬೇಕು? ನೀರು ಹರಡುವ ವಿಸ್ತಾರ 50 ಎಕರೆಯಿರುವ ಕೆರೆಯೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಇದರ ಹತ್ತನೆಯ ಒಂದು ಪಾಲು, ಅಂದರೆ 5 ಎಕರೆಯಷ್ಟು ತಗ್ಗಿನಲ್ಲಿ, ಶಿವರಾತ್ರಿಯ ಹೊತ್ತಿಗೆ ಸರಾಸರಿ 5 ಅಡಿ ನೀರು ಇರಬೇಕೆಂದು ನಮ್ಮ ಸಲಹೆ. ಬೇಸಗೆಯಲ್ಲಿ ದಿನಕ್ಕೆ ಸುಮಾರು ಕಾಲು ಅಂಗುಲ ನೀರು ಆವಿಯಾಗುವುದರಿಂದ ಮೂರು ತಿಂಗಳಿಗೆ ಸುಮಾರು 2 ಅಡಿ ಹೋಗಿ, ಮುಂಗಾರಿನ ಹೊತ್ತಿಗೆ 3 ಅಡಿಯಷ್ಟು ನಿಲ್ಲುತ್ತದೆ. ಹೀಗೆ ಉಳಿಸುವುದು 25 ಎಕರೆ-ಅಡಿ ನೀರು. ಒಂದು ಎಕರೆ ಬತ್ತದ ಬೆಳೆಗೆ ಸುಮಾರು 4 ಅಡಿ ನೀರು ಬೇಕೆಂದು ಎಣಿಸಿದರೆ, ಇದು ಆರು ಎಕರೆ ಗದ್ದೆಯ ನೀರು. ಅಚ್ಚುಕಟ್ಟುದಾರರಿಗೆ ಇದು ಸಣ್ಣ ತ್ಯಾಗವೆಂದು ನಾವು ಹೇಳಲಾರೆವು. ಆದರೆ ಆ ಕಾಲದಲ್ಲಿ ಆ ನೀರಿನಿಂದ ಆರು ಎಕರೆಯ ಪೂರ್ಣ ಬೆಳೆ ಯಾರಿಗೂ ದೊರೆಯುವುದಿಲ್ಲ. ಹೆಚ್ಚೆಂದರೆ ಪಂಪು ಇರುವ ನಾಲ್ವರ ತೋಟಕ್ಕೆ ಒಂದೆರಡು ತೇವ ದೊರೆಯುತ್ತದೆ. ಉಳಿದರೆ ಸುತ್ತಲಿನ ಬಾವಿಗಳಿಗೆ ಒರತೆ, ದನಗಳಿಗೆ ಕುಡಿಯುವ ನೀರು, ಮೀನಿಗೆ ಆಸರೆ, ಈ ಮೂರೂ ಇಡೀ ಗ್ರಾಮಕ್ಕೆ ಸೇರುತ್ತವೆ.

ಮೀನಿಗೆ ಇದರಿಂದ ಆಗುವ ಲಾಭವೇನೆಂದರೆ, ಮೀನು ಎರಡನೆಯ ವರ್ಷವನ್ನು ಕಾಣುತ್ತದೆ. ಒಳ್ಳೆಯ ಕೆರೆಯಲ್ಲಿ ಕಟ್ಲ ಒಂದು ವರ್ಷಕ್ಕೆ ಸುಮಾರು ಒಂದು ಕಿಲೋ ತೂಗುತ್ತದೆ. ಬಳಿಕ ಅದರ ಬೆಳವಣಿಗೆ ಇನ್ನೂ ಚುರುಕು. ಬೇಸಗೆಗೆ ಕೆರೆ ಬರಿದಾಗುವಲ್ಲಿ ಆ ಬೆಳವಣಿಗೆಯ ಹೊತ್ತಿಗೇ ಮೀನನ್ನು ಹಿಡಿದು ಮಾರಿಬಿಡಬೇಕಾಗುತ್ತದೆ. ಭಾರತದ ಜಲಾಶಯಗಳ ಮೀನುಗಾರಿಕೆಯನ್ನು ಕುರಿತು ವಿ. ವಿ. ಸುಗುಣನ್ ಅವರು 1995ರಲ್ಲಿ ಬರೆದ ವರದಿಯಲ್ಲಿ ಸಣ್ಣ ಜಲಾಶಯಗಳ ಸರಾಸರಿ ಇಳುವರಿ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 50 ಕಿಲೋ ಎಂದೂ, ದೊಡ್ಡವುಗಳದು ಸುಮಾರು 11 ಕಿಲೋ ಎಂದೂ ಕೊಟ್ಟಿದ್ದಾರೆ. ಸಣ್ಣ ನೀರೇ ಹೆಚ್ಚು ಫಲವತ್ತೆಂಬುದು ಇದರಿಂದ ಸ್ಪಷ್ಟ. ಹೇಮಾವತೀ ಜಲಾಶಯವನ್ನು ನೋಡಿ ನಿಟ್ಟುಸಿರು ಬಿಡುವ ಗ್ರಾಮಸ್ಥರು ತಮ್ಮ ಏರಿಯ ಹಿಂದೆ ಇರುವುದನ್ನು ಕಡೆಗಣಿಸಬಾರದು.

ಹೂಳು ತೆಗೆಯುವ ಕೆಲಸ ನಡೆಯುವಾಗ ಈ ತಗ್ಗನ್ನು ಸುಲಭವಾಗಿ ಮಾಡಿಕೊಳ್ಳಬಹುದು. ಗೋಡುಮಣ್ಣಿಗಾಗಿ ಎಲ್ಲೆಂದರಲ್ಲಿ ಗುಂಡಿ ತೋಡುವುದಕ್ಕೆ ಬದಲಾಗಿ ಒಂದೇ ಕಡೆಯಿಂದ ತೆಗೆದರೆ ಹೊಲಕ್ಕೂ ಗೊಬ್ಬರವಾಯಿತು, ಮೀನಿಗೂ ಮಡುವಾಯಿತು. ಏರಿಯ ಬುಡದಲ್ಲಿ ಮಾತ್ರ ಎಂದಿಗೂ ತೋಡತಕ್ಕದ್ದಲ್ಲ.

ಗುತ್ತಿಗೆಯ ಕ್ರಮವನ್ನು ಕುರಿತು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಒಂದೇ ವರ್ಷಕ್ಕೆ ಕೆರೆಯನ್ನು ಹಿಡಿದವನು ನೀರು ಉಳಿಯಲೆಂದು ಏಕೆ ಬಯಸುವನು? ನೀರು ಬತ್ತಿದಷ್ಟೂ ಅವನಿಗೆ ಮೀನು ಹಿಡಿಯಲು ಸುಲಭ. ಕೆಲವು ಕಡೆ ಪಂಪಿಗೆ ಎಣ್ಣೆ ಒದಗಿಸುವವನು ಮೀನು ಗುತ್ತಿಗೆದಾರನೇ ಎಂಬ ಮಾತನ್ನು ನಾವು ಕೇಳಿದ್ದೇವೆ. ಗ್ರಾಮ ಪಂಚಾಯತಿಗೆ ಸೇರಿದ ಕೆರೆಗಳನ್ನು ಹಲವು ವರ್ಷಗಳ ಅವಧಿಗೆ, ಸಾಧ್ಯವಾದಲ್ಲಿ ಸ್ಥಳೀಯ ಮೀನುಗಾರರ ಸಹಕಾರ ಸಂಘಕ್ಕೇ ಕೊಟ್ಟು, ವರ್ಷವರ್ಷವೂ ಗುತ್ತಿಗೆಯ ಹಣ ಏರುವಂತೆ ಬರೆಯಿಸಿಕೊಳ್ಳುವುದು ಉತ್ತಮ. ಮುಚ್ಚಳಿಕೆಯಲ್ಲಿ ಕಡೆಯ ನೀರಿನ ಮಟ್ಟವನ್ನು ಬರೆದು, ತೂಬಿನ ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಯಿಸತಕ್ಕದ್ದು. ಸಿಡಿಮದ್ದು, ವಿಷ ಇವುಗಳಿಂದ ಮೀನು ಹಿಡಿಯುವುದು 1897ರ ಕಾನೂನಿನಲ್ಲಿಯೇ ಅಪರಾಧವೆಂದು ವಿಧಿಸಲ್ಪಟ್ಟಿತ್ತು. 1996ರ ಕರ್ನಾಟಕ ಒಳನಾಡು ಮೀನುಗಾರಿಕೆಯ ಅಧಿನಿಯಮವೂ ಅದನ್ನು ಬಿಟ್ಟಿಲ್ಲ. ಇದನ್ನೂ ಮುಚ್ಚಳಿಕೆಯಲ್ಲಿ ಕಾಣಿಸಿದರೆ ಮುಂದೆ ಗೊತ್ತಿರಲಿಲ್ಲವೆಂಬ ನೆಪಕ್ಕೆ ಅವಕಾಶವಿರುವುದಿಲ್ಲ.

ಜಮೀನುದಾರರದೂ ನ್ಯಾಯವಾದ ಒಂದು ದೂರಿದೆ. ಮೀನು ಹೊರಟುಹೋಗದಂತೆ ಗುತ್ತಿಗೆದಾರನು ಕೋಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾನೆ. ದೊಡ್ಡ ಮಳೆಯ ರಾತ್ರಿ ಕಸಕಡ್ಡಿ ಸಿಕ್ಕಿ ಕೋಡಿ ಮುಚ್ಚಿದರೆ ನೀರು ಏರಿಯ ಮೇಲೆ ಬರುತ್ತದೆ. ಏರಿ ಹೋದರೆ ಮೀನೂ ಇಲ್ಲ, ಗದ್ದೆಯೂ ಇಲ್ಲ. ಅಗಲವಾದ ಸಂದುಗಳುಳ್ಳ ಸರಳುಗಳ ತಡೆಯನ್ನು ಮಾತ್ರ ಒಪ್ಪತಕ್ಕದ್ದು. ಅದನ್ನೂ ಬೇಕೆಂದಾಗ ಕಿತ್ತೆಸೆಯುವ ಅಧಿಕಾರ ನೀರುಗಂಟಿಯ ಕೆಲಸ ಮಾಡುವವನಿಗೆ ಇರಬೇಕು. ಈ ವಿಷಯದಲ್ಲಿ ಗುತ್ತಿಗೆದಾರನ ಮಾತಿಗೆ ಕಿವಿಗೊಡಲಾಗದು.

ಗಾಳದ ಬೇಟೆಯ ವಿಷಯಕ್ಕೆ ಬರೋಣ. ಪಟ್ಟಣಗಳಿಂದ ಬಿಡುವಿನ ದಿನಗಳಲ್ಲಿ ಬಂದು ದಿನಕ್ಕಿಷ್ಟೆಂದು ಶುಲ್ಕ ತೆತ್ತು ಗಾಳ ಹಾಕುವವರಿಂದ ಪಂಚಾಯತಿಗೆ ಆದಾಯವಾಗಬಹುದೇ ಎಂದು ಕೆಲವು ಮುಖಂಡರು ಯೋಚಿಸುತ್ತಿದ್ದಾರೆ. ಆಗಬಹುದು; ಆದರೆ ಕೆರೆಯಲ್ಲಿ ಎರಡು ಮೂರು ಕಿಲೋ ತೂಗುವ ಮೀನು ಇದ್ದರೆ ಮಾತ್ರ. ಬೆರಳುದ್ದದ ಜಿಲೇಬಿಗಾಗಿ ಯಾರೂ ಹಣ ತೆತ್ತು ಬರಲಾರರು. ಮಹಸೀರ್ ಮೀನನ್ನು ಕೆರೆಗೆ ತಂದು ಬಿಡೋಣವೆಂಬ ಹಂಬಲವಂತೂ ವ್ಯರ್ಥ. 1946ರಲ್ಲಿ ಕಬಿನಿಯಲ್ಲಿ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು 120 ಪೌಂಡು ತೂಕದ ಮಹಸೀರನ್ನು ಗಾಳದಿಂದ ಹಿಡಿದುದು ಪ್ರಸಿದ್ಧವಾದ ಸಂಗತಿ. ಕಾವೇರೀ ತೀರದಲ್ಲಿ ರಾಗಿಮುದ್ದೆಯನ್ನೇ ಎರೆಯಾಗಿ ಕಟ್ಟಿ ಇದನ್ನು ಹಿಡಿಯುತ್ತಿದ್ದರು. ಆದರೆ ಮಹಸೀರ್ ಹರಿಯುವ ನೀರಿನ, ಜಲ್ಲಿಕಲ್ಲಿನ ತಳದ ಮೀನು. ಹೂಳಿನ ಕೆರೆಯಲ್ಲಿ ಅದಕ್ಕೆ ಸಂತಾನವಿಲ್ಲ. ಕಾವೇರಿಯ ದೊಡ್ಡ ಮಹಸೀರ್ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿಗೆ ಬಂದುದೆಂದು ಪಟ್ಟಿಮಾಡಿದ್ದಾರೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ವಹ್ನಿಪುಷ್ಕರಿಣಿಯ ಮೀನುಗಳಿಗೆ ಭಕ್ತರು ಪುರಿ ಹಾಕಿ ಕಾಪಾಡುತ್ತಾ ಬಂದಿರುವುದನ್ನು ಎಲ್ಲರೂ ಬಲ್ಲರು. ಮಹಸೀರನ್ನು ನೋಡಬೇಕೆಂಬವರು ಅಂತಹ ಕಡೆ ಹೋಗಿ ನೋಡಿ ಕೈಮುಗಿದು ಬರಲಿ.

ಕೆರೆಯಲ್ಲಿ ಗಾಳಕ್ಕೆ ಯೋಗ್ಯವಾದ ಮೀನೆಂದರೆ ಕೊರವ. ಕಪ್ಪೆಯನ್ನು ಕಟ್ಟಿ ಎಸೆದರೆ ಮಿಂಚಿನಂತೆ ಮೇಲೆರಗುತ್ತದೆ. ಮಳೆಗಾಲದಲ್ಲಿ ಇದರ ಕೆಂಪು ಮರಿಗಳು ಉಂಡೆಯಾಗಿ ನೀರಿನ ಮೇಲೆ ಸುಳಿಯುತ್ತಿದ್ದು, ತಂದೆತಾಯಿಗಳು ಕೆಳಗೆ ಕಾವಲಿರುತ್ತವೆ. ಆ ಉಂಡೆಯ ನಡುವೆ ಗಾಳ ಎಸೆದು ಕಾವಲು ಮೀನನ್ನು ಹಿಡಿಯುವುದನ್ನು ಕೆಲವರು ಚಾತುರ್ಯವೆಂದು ಹೇಳಿಕೊಳ್ಳುತ್ತಾರೆ. ಒಂದು ಮೀನಿನ ಆಸೆಗೆ ಆ ಸಂಸಾರವೆಲ್ಲ ಪಕ್ಕೆಗಳ ಪಾಲಾಗುತ್ತದೆ. ಜೂನ್ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ಗಾಳವನ್ನು ನಿಲ್ಲಿಸಿ, ಅಕ್ಟೋಬರಿನಿಂದ ಶಿವರಾತ್ರಿಯವರೆಗೆ ಮಾತ್ರ ಚೀಟಿ ಕೊಡುವುದು ಯುಕ್ತ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು 1873ರಲ್ಲಿ ಮಂಗಳೂರಿನಲ್ಲಿ ಗಾಳದ ಬೇಟೆಯ ಗ್ರಂಥವೊಂದನ್ನು ಅಚ್ಚುಹಾಕಿಸಿದರು. ಮೋಜಿನ ಬೇಟೆಯಲ್ಲಿ ಅಷ್ಟು ಆಸಕ್ತಿಯಿದ್ದ ಅವರೇ ಸಂತಾನಕಾಲದಲ್ಲಿ ಮೀನನ್ನು ಕಾಪಾಡಬೇಕೆಂದು ವಾದಿಸಿದವರು.

ಮರಿ ಬಿಡುವ ಬಗ್ಗೆ ಕೊನೆಯದಾಗಿ ಒಂದೆರಡು ಮಾತು. ಒಂದು ಅಂಗುಲದ ಸಾವಿರ ಮರಿಗಳಿಗಿಂತ ಮೂರು ನಾಲ್ಕು ಅಂಗುಲದ ಇನ್ನೂರು ಮರಿಗಳು ಮೇಲು. ಸಣ್ಣವು ಬಹುಪಾಲು ಕೊರವ ಬಾಳೆಗಳ ಹೊಟ್ಟೆ ಸೇರುತ್ತವೆ. ಅರಕಲಗೂಡಿನ ಕಡೆ ಕೆರೆಗಳು ಬೇಗ ತುಂಬುವುದರಿಂದ ಆಗಸ್ಟಿನಲ್ಲಿಯೂ, ಹಿಂಗಾರನ್ನು ನಂಬಿದ ಚನ್ನರಾಯಪಟ್ಟಣದ ಕಡೆ ಅಕ್ಟೋಬರಿನ ಹೊತ್ತಿಗೂ ಬಿಡಬಹುದು. ಚೀಲಗಳು ಬಂದಾಗ ಮುಖಂಡರಲ್ಲಿ ಒಬ್ಬರು ದಡದಲ್ಲಿ ನಿಂತು ಒಂದು ಚೀಲವನ್ನು ಬಿಚ್ಚಿಸಿ ಮರಿಗಳನ್ನು ಎಣಿಸಿ, ಅಳೆದು, ಜಾತಿಯನ್ನು ನೋಡಬೇಕು. ಮೀಸೆಯುಳ್ಳ ಕಪ್ಪು ಮರಿ ಒಂದು ಕಂಡರೂ ಇಡೀ ಚೀಲವನ್ನು ಹಿಂದಕ್ಕೆ ಕಳುಹಿಸಬೇಕು. ಉಳಿದವುಗಳನ್ನು ಬಾಯಿ ಕಟ್ಟಿದಂತೆಯೇ ಅರ್ಧ ಗಂಟೆ ಕೆರೆಯ ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಶಾಖಕ್ಕೆ ಬಂದ ಮೇಲೆ, ಸಂಜೆಯ ತಂಪಿನಲ್ಲಿ ಬಾಯಿ ಬಿಚ್ಚಿ ಮರಿಗಳು ತಾವಾಗಿ ಈಜಿ ಹೋಗುವಂತೆ ಬಿಡತಕ್ಕದ್ದು.