ಐದು ಮೀಟರಿನಾಚೆ ಕಾಣದ ಬಂಡಿ

2023ರ ಆಗಸ್ಟ್ 27ರಂದು, ಚಂದ್ರನ ನೆಲದ ಮೇಲೆ ಸಾಗುತ್ತಿದ್ದ ‘ಪ್ರಜ್ಞಾನ್’ ರೋವರ್ ಎದುರಿಗೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಕಾಣಿಸಿತು. ನಡುವೆ ಇದ್ದದ್ದು ಮೂರೇ ಮೀಟರ್. ಬಂದ ದಾರಿಯಲ್ಲೇ ಹಿಂದಿರುಗುವಂತೆ ಬೆಂಗಳೂರಿನಿಂದ ಆಜ್ಞೆ ಹೋಯಿತು. ಬಂಡಿ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು.

ನಮ್ಮೂರ ರಸ್ತೆಯಲ್ಲಿ ಗಾಡಿಯ ಚಕ್ರ ಹಳ್ಳಕ್ಕಿಳಿದರೆ ನಾಲ್ಕು ಜನ ಸೇರಿ ಎತ್ತುತ್ತಾರೆ. ಅಲ್ಲಿ ಎತ್ತುವವರು ಯಾರು? 26 ಕಿಲೊ ತೂಕದ, ಆರು ಚಕ್ರಗಳ ಆ ಬಂಡಿಗೆ ಲೆಕ್ಕ ಹಾಕಿದ್ದ ಆಯುಷ್ಯವೇ ಚಂದ್ರನ ಒಂದು ಹಗಲು, ಅಂದರೆ ಭೂಮಿಯ ಸುಮಾರು 14 ದಿನ. ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಎಷ್ಟೋ ಇರುವೆಗಳು ಇದಕ್ಕಿಂತ ಚುರುಕು!

ದಾರಿ ಹುಡುಕಲು ಪ್ರಜ್ಞಾನ್‌ಗೆ ಎರಡು ಕ್ಯಾಮೆರಾಗಳಿದ್ದವು. ಮೂಗಿನ ಮುಂದೆ ಒಂದು ಬೆರಳು ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿದಂತೆ ಕಾಣುತ್ತದೆ. ಬೆರಳನ್ನು ದೂರ ಒಯ್ದಷ್ಟೂ ಜಿಗಿತ ಕಡಿಮೆ. ಎರಡು ಕ್ಯಾಮೆರಾಗಳ ಚಿತ್ರಗಳಲ್ಲಿನ ಇಂಥದೇ ವ್ಯತ್ಯಾಸದಿಂದ ಯಾವ ಕಲ್ಲು ಎಷ್ಟು ದೂರ, ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂಬ ನಕ್ಷೆ ತಯಾರಾಗುತ್ತದೆ. ಆದರೆ ಈ ನಕ್ಷೆ ಚಂದ್ರನಲ್ಲಿ ತಯಾರಾಗುತ್ತಿರಲಿಲ್ಲ. ಬಂಡಿ ಚಿತ್ರಗಳನ್ನು ವಿಕ್ರಮ್ ಲ್ಯಾಂಡರಿಗೆ ಕೊಡಬೇಕು, ವಿಕ್ರಮ್ ಭೂಮಿಗೆ ಕಳಿಸಬೇಕು. ಬೆಂಗಳೂರಿನ ತಂಡ ನಕ್ಷೆ ಮಾಡಿ, ದಾರಿ ಆರಿಸಿ ಆಜ್ಞೆ ಕಳಿಸಬೇಕು. ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ವಿವರಿಸಿದಂತೆ, ಕ್ಯಾಮೆರಾದ ನೋಟ ಐದು ಮೀಟರಿನವರೆಗೆ ಮಾತ್ರ. ಹಾಗಾಗಿ ಒಂದು ಆಜ್ಞೆಗೆ ಹೆಚ್ಚೆಂದರೆ ಐದು ಮೀಟರ್ ನಡಿಗೆ. ಒಂದು ನಡಿಗೆಗೂ ಮುಂದಿನದಕ್ಕೂ ನಡುವೆ ಸುಮಾರು ಐದು ಗಂಟೆ ಹಿಡಿಯುತ್ತಿತ್ತು. ಐದು ಮೀಟರ್ ನಡೆಯಲು ಬೇಕಾದದ್ದು 500 ಸೆಕೆಂಡು, ಒಂಬತ್ತು ನಿಮಿಷವೂ ಇಲ್ಲ. ಉಳಿದ ಹೊತ್ತೆಲ್ಲ ಯೋಚನೆಗೆ. ಚಂದ್ರನಿಂದ ರೇಡಿಯೊ ಸಂಕೇತ ಬರಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು ಎಂಬುದನ್ನು ನೆನೆದರೆ, ತಡವಾದದ್ದು ದೂರದಿಂದಲ್ಲ ಎಂಬುದು ತಿಳಿಯುತ್ತದೆ.

ಈ ಯೋಚನೆಯನ್ನು ಯಂತ್ರಕ್ಕೇ ಕಲಿಸಬಹುದೇ? 1956ರಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ಗಣಿತಜ್ಞ ಆಮ್‌ಸ್ಟರ್‌ಡಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಕಾಗದ ಪೆನ್ಸಿಲ್ ಇಲ್ಲದೆಯೇ, ಅತಿ ಹತ್ತಿರದ ದಾರಿ ಹುಡುಕುವ ಕ್ರಮವೊಂದನ್ನು ಇಪ್ಪತ್ತೇ ನಿಮಿಷದಲ್ಲಿ ಯೋಚಿಸಿದರು. ದೊಡ್ಡಬಳ್ಳಾಪುರದಿಂದ ಹೊಸಕೋಟೆಗೆ ಹೋಗಬೇಕೆನ್ನಿ. ಈ ಕ್ರಮ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ದೇವನಹಳ್ಳಿಯ ಕಡೆಗೆ ಅಳೆದಷ್ಟೇ ಶ್ರದ್ಧೆಯಿಂದ ಗೌರಿಬಿದನೂರಿನ ಕಡೆಗೂ ಅಳೆಯುತ್ತದೆ. ಉತ್ತರ ಸರಿ, ಕೆಲಸ ಹೆಚ್ಚು.

1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಹಾರ್ಟ್, ನಿಲ್ಸನ್ ಮತ್ತು ರಾಫೆಲ್ ಇದಕ್ಕೆ ಒಂದು ಅಂದಾಜನ್ನು ಸೇರಿಸಿದರು. ನಡೆದು ಬಂದ ದೂರಕ್ಕೆ, ಅಲ್ಲಿಂದ ಗುರಿಗೆ ಸ್ಕೇಲ್ ಇಟ್ಟು ಅಳೆದ ನೇರ ದೂರವನ್ನು ಕೂಡಿಸಿ. ಮೊತ್ತ ಕಡಿಮೆ ಇರುವ ಕಡೆಯನ್ನೇ ಮೊದಲು ನೋಡಿ. ಆಗ ಗೌರಿಬಿದನೂರು ತಾನಾಗಿ ಹಿಂದೆ ಬೀಳುತ್ತದೆ, ದೇವನಹಳ್ಳಿ, ಸೂಲಿಬೆಲೆ ಮುಂದೆ ಬರುತ್ತವೆ. ಅಂದಾಜು ನಿಜವಾದ ದೂರವನ್ನು ಮೀರಬಾರದು ಎಂಬುದೊಂದೇ ಷರತ್ತು. ಸ್ಕೇಲಿನ ಅಳತೆ ರಸ್ತೆಯ ಅಳತೆಯನ್ನು ಎಂದೂ ಮೀರುವುದಿಲ್ಲವಷ್ಟೆ. ‘ಎ ಸ್ಟಾರ್’ ಎಂಬ ಹೆಸರಿನ ಈ ಕ್ರಮ ಹುಟ್ಟಿದ್ದು ಅದೇ ಸಂಸ್ಥೆಯ ‘ಶೇಕಿ’ ಎಂಬ ರೋಬಾಟ್‌ನ ಕೆಲಸದ ನಡುವೆ.

ಶೇಕಿ ಓಡಾಡಿದ್ದು ಸಮತಟ್ಟಾದ ಕೋಣೆಗಳಲ್ಲಿ, ಪೆಟ್ಟಿಗೆಗಳ ನಡುವೆ. ಚಂದ್ರನಲ್ಲಿ ಹತ್ತಿರದ ದಾರಿಯೇ ಒಳ್ಳೆಯ ದಾರಿಯಾಗಬೇಕೆಂದಿಲ್ಲ. ಇಳಿಜಾರಿಗೆ ಇಷ್ಟು, ಕಲ್ಲಿಗೆ ಇಷ್ಟು, ಸೌರಫಲಕಕ್ಕೆ ಬಿಸಿಲು ತಪ್ಪಿಸುವ ನೆರಳಿಗೆ ಇಷ್ಟು ಎಂದು ದಂಡ ಕಟ್ಟಬೇಕು. ಎಷ್ಟು ದಂಡ ಎಂಬುದನ್ನು ಯಾವ ಸೂತ್ರವೂ ಹೇಳಿಕೊಡುವುದಿಲ್ಲ. ಕಷ್ಟವಿರುವುದು ಅಲ್ಲೇ. ಮಂಗಳನ ದೂರ ಹೆಚ್ಚಾದಾಗ ಸಂಕೇತಕ್ಕೆ ಇಪ್ಪತ್ತು ನಿಮಿಷ ಮೀರುವುದರಿಂದ, ಅಮೆರಿಕದ ‘ಪರ್ಸೆವರೆನ್ಸ್’ ಬಂಡಿಗೆ ತಾನೇ ನಕ್ಷೆ ಮಾಡಿ ದಾರಿ ಆರಿಸುವ ಶಕ್ತಿ ಕೊಡಲಾಗಿದೆ. ಪ್ರಜ್ಞಾನ್ ಜನರ ಲೆಕ್ಕವನ್ನೇ ನೆಚ್ಚಿ, ನಿದ್ರೆಗೆ ಜಾರುವ ಮುನ್ನ ನೂರು ಮೀಟರಿಗೂ ಹೆಚ್ಚು ನಡೆಯಿತು.

ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. (ಗ್ರಾಫ್ ಹಾಳೆ ಪರೀಕ್ಷೆಗೆ ಮಾತ್ರ ಎಂದು ಹಿರಿಯರು ಗದರದಿರಲಿ.) ಕೆಲವು ಚೌಕಗಳಿಗೆ ಕಪ್ಪು ಬಳಿಯಿರಿ, ಅವು ಕುಳಿಗಳು. ಗುರಿಯ ಚೌಕದಲ್ಲಿ 0, ಅದರ ಪಕ್ಕದವುಗಳಲ್ಲಿ 1, ಅವುಗಳ ಪಕ್ಕ 2, ಹೀಗೆ ಕುಳಿಗಳನ್ನು ಬಿಟ್ಟು ಬರೆಯುತ್ತ ಹೋಗಿ. ಹೊರಡುವ ಚೌಕದಿಂದ ಪ್ರತಿ ಬಾರಿಯೂ ಒಂದು ಕಡಿಮೆ ಅಂಕಿಯ ಚೌಕಕ್ಕೆ ಹೆಜ್ಜೆಯಿಟ್ಟರೆ ಅತಿ ಹತ್ತಿರದ ದಾರಿ ಸಿಕ್ಕಿತು. ಈಗ ಅಪ್ಪನಿಂದಲೋ ಅಕ್ಕನಿಂದಲೋ ಹೊಸ ಹಾಳೆಯೊಂದರಲ್ಲಿ ಕುಳಿಗಳನ್ನು ಗುಟ್ಟಾಗಿ ಬರೆಸಿ, ಅಂಕಿ ಬರೆಯದೆ, ಸುತ್ತಲಿನ ಐದು ಚೌಕ ಬಿಟ್ಟು ಉಳಿದದ್ದನ್ನೆಲ್ಲ ಕಾಗದದಿಂದ ಮುಚ್ಚಿಸಿ ನಡೆಯಿರಿ. ಎಷ್ಟು ಬಾರಿ ಹಿಂದಿರುಗಬೇಕಾಯಿತು, ಎಣಿಸಿಡಿ.