ಎಣ್ಣೆ ಕಡಿಮೆ ಆಯ್ತು ಸರಿ, ತರಕಾರಿ ಎಲ್ಲಿ?

ನಾವು ನಾಲ್ಕು ಜನ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು ಇದ್ದೀವಿ. ಮೂರನೇ ಸೆಮ್ ಶುರುವಾದ ವಾರ ದುಡ್ಡು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಏರ್ ಫ್ರೈಯರ್ ತಂದೆವು. ದಿನಾ ಸಂಜೆ ಗೇಟಿನ ಎದುರಿನ ಗಾಡಿಯಲ್ಲಿ ಬಜ್ಜಿ, ಗೋಬಿ ತಿಂದು ನಮಗೇ ಸಾಕಾಗಿತ್ತು. ಅದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯೋದನ್ನ ಕಣ್ಣಾರೆ ನೋಡ್ತಾ ಎಷ್ಟು ದಿನ ಅಂತ ತಿನ್ನೋದು? ಇನ್ಮೇಲೆ ಮನೆಯಲ್ಲೇ, ಎಣ್ಣೆ ಇಲ್ಲದೆ, ಆರೋಗ್ಯವಾಗಿ ಅಂತ ನಾಲ್ಕೂ ಜನ ಶಪಥ ಮಾಡಿದೆವು.

ತಿಂಗಳ ಕೊನೆಗೆ ಖರ್ಚಿನ ಲೆಕ್ಕಕ್ಕೆ ಕೂತಾಗ ಬಿಲ್ಲುಗಳು ಬೇರೆಯೇ ಕಥೆ ಹೇಳಿದವು. ಫ್ರೋಜನ್ ಫ್ರೆಂಚ್ ಫ್ರೈಸ್ 9 ಪ್ಯಾಕೆಟ್. ಆಲೂಗಡ್ಡೆ 6 ಕೆಜಿ. ಕ್ಯಾರೆಟ್ ಅರ್ಧ ಕೆಜಿ, ಅದೂ ಫ್ರಿಜ್ಜಿನ ಮೂಲೆಯಲ್ಲಿ ಬಾಡಿ ಕೂತಿತ್ತು. ಮೊದಲು ವಾರಕ್ಕೊಂದು ಸಲ ತಿನ್ನುತ್ತಿದ್ದ ಫ್ರೆಂಚ್ ಫ್ರೈಸನ್ನ ಈಗ ವಾರಕ್ಕೆ ನಾಲ್ಕೈದು ಸಲ ತಿಂತಾ ಇದ್ವಿ. ಯಾಕೆ? "ಏರ್ ಫ್ರೈಯರ್‌ದಲ್ವಾ, ಏನೂ ಆಗಲ್ಲ ಬಿಡೋ!"

ಈ 'ಏನೂ ಆಗಲ್ಲ ಬಿಡೋ' ಬಗ್ಗೆಯೇ ನಮ್ಮ ತಕರಾರು. ಏರ್ ಫ್ರೈಯರ್ ಎಣ್ಣೆ ಕಡಿಮೆ ಮಾಡುತ್ತೆ, ಅದು ನಿಜ. ಆದರೆ ಅದು ಮಾಡೋದು ಅಷ್ಟು ಮಾತ್ರ. ತಟ್ಟೆಯಲ್ಲಿ ಇರೋದು ಆರೋಗ್ಯಕರವೋ ಅಲ್ಲವೋ ಅನ್ನೋದು ಒಳಗೆ ಏನು ಹಾಕಿದ್ವಿ ಅನ್ನೋದರ ಮೇಲೆ ನಿಂತಿದೆ. ಆ ಕೆಲಸವನ್ನ ನಾವು ಡಬ್ಬಿಗೆ ಬಿಟ್ಟು ಕೈ ತೊಳೆದುಕೊಂಡಿದ್ದೀವಿ.

ನಮಗೆ ಇದು ತಮಾಷೆಯಾಗಿ ಉಳಿಯದೇ ಇದ್ದದ್ದು ದಸರಾ ರಜೆಯಲ್ಲಿ. ನಮ್ಮಲ್ಲೊಬ್ಬ ಊರಿಗೆ ಹೋದಾಗ ಈ ಮಷಿನ್ನನ್ನ ಹೊಗಳಿ ಹೊಗಳಿ ಮನೆಯವರ ಕೈಲೂ ಒಂದು ಕೊಳ್ಳಿಸಿದ. ಅವನ ಅಪ್ಪನಿಗೆ ನಾಲ್ಕು ವರ್ಷದಿಂದ ಶುಗರ್ ಇದೆ. ಆಲೂಗಡ್ಡೆ, ಅನ್ನ ಹಿಡಿತದಲ್ಲಿರಲಿ ಅಂತ ಡಾಕ್ಟರ್ ಹೇಳಿದ್ದರು, ಅವರೂ ಪಾಲಿಸುತ್ತಿದ್ದರು. ಮಷಿನ್ ಬಂದ ಮೇಲೆ ದಿನಾ ಸಂಜೆ ಒಂದು ತಟ್ಟೆ ಆಲೂ ಫ್ರೈಸ್. "ಎಣ್ಣೆನೇ ಇಲ್ವಲ್ಲಪ್ಪಾ, ನೀನೇ ಹೇಳಿದ್ಯಲ್ಲ" ಅಂತ ಫೋನಿನಲ್ಲಿ ಖುಷಿಯಾಗಿ ಹೇಳುತ್ತಿದ್ದರಂತೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಶುಗರ್ ಏರಿತ್ತು. ದಿನಕ್ಕೆ ಏನೇನು ತಿಂತೀರಿ ಅಂತ ಡಾಕ್ಟರ್ ಒಂದೊಂದೇ ಕೇಳುತ್ತಾ ಬಂದಾಗ ಈ ತಟ್ಟೆಯ ವಿಷಯ ಹೊರಗೆ ಬಂತು. ಅವತ್ತು ರಾತ್ರಿ ನಮ್ಮ ಹುಡುಗ ಊಟ ಸರಿಯಾಗಿ ಮಾಡಲಿಲ್ಲ. "ನಾನೇ ಹೇಳಿದ್ದು ಕಣ್ರೋ" ಅಂದ. ಅವನೊಬ್ಬನೇ ಹೇಳಿದ್ದಲ್ಲ, ಅವನಿಗೆ ನಾವೆಲ್ಲಾ ಸೇರಿ ಹೇಳಿದ್ದು.

ಹಾಗಾಗಿ ಈ ಸಲ ಲೆಕ್ಕ ಹಾಕಿ ಮಾತಾಡೋಣ.

ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೆ 4. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಎಣ್ಣೆಯಲ್ಲಿ ಕರಿದ 100 ಗ್ರಾಂ ಫ್ರೆಂಚ್ ಫ್ರೈಸಿನಲ್ಲಿ 15 ಗ್ರಾಂ ಆಸುಪಾಸು ಕೊಬ್ಬು ಇರುತ್ತೆ. ಇದರಲ್ಲಿ ಬಹುಪಾಲು ಉಳಿಸಿದರೆ ಲಾಭ ಇದ್ದೇ ಇದೆ. ಆದರೆ ಆಲೂಗಡ್ಡೆಯ ಪಿಷ್ಟ ಎಲ್ಲಿಗೂ ಹೋಗಲ್ಲ. 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್ ಇದೆ. 300 ಗ್ರಾಂ ಆಲೂಗಡ್ಡೆ ಹೆಚ್ಚಿ ಏರ್ ಫ್ರೈಯರಿಗೆ ಹಾಕಿದರೆ 50 ಗ್ರಾಂ ಆಯ್ತು, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಬಟ್ಟಲು ಅನ್ನ ತಿಂದ ಹಾಗೆ. ಬಿಸಿ ಗಾಳಿಗೆ ಅದರ ನೀರು ಆವಿಯಾಗುತ್ತೆ, ಪಿಷ್ಟ ಅಲ್ಲೇ ಇರುತ್ತೆ. ಶುಗರ್ ಇರುವವರಿಗೆ ಎಣ್ಣೆ ಇದೆಯಾ ಅನ್ನೋದರ ಜೊತೆಗೆ ಕೇಳಬೇಕಾದ ಪ್ರಶ್ನೆ ಇದೇ.

ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆ 400 ಗ್ರಾಂ ಲೆಕ್ಕದಲ್ಲಿ ಆಲೂಗಡ್ಡೆ ಬರಲ್ಲ. ಗೆಣಸು ಕೂಡ ಬರಲ್ಲ. ಅವು ಪಿಷ್ಟದ ಗೆಡ್ಡೆಗಳು, ಅನ್ನ ಚಪಾತಿಯ ಸಾಲಿಗೆ ಸೇರಿದವು. ಅಂದರೆ ಆ ತಿಂಗಳು ಪೂರ್ತಿ ನಾವು 'ಮನೆಯಲ್ಲಿ ಮಾಡಿದ ವೆಜಿಟೇಬಲ್ ಫ್ರೈಸ್' ಅಂತ ಸ್ಟೇಟಸ್ ಹಾಕಿಕೊಂಡಿದ್ದೆಲ್ಲಾ ತರಕಾರಿಯ ಲೆಕ್ಕದಲ್ಲಿ ಸೊನ್ನೆ. ಮೇಲಾಗಿ ಅಂಗಡಿಯಲ್ಲಿ ಸಿಗುವ ಫ್ರೋಜನ್ ಫ್ರೈಸನ್ನ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಒಂದು ಸುತ್ತು ಎಣ್ಣೆಯಲ್ಲಿ ಕರಿದಿರುತ್ತಾರೆ. ಪ್ಯಾಕೆಟ್ಟಿನ ಹಿಂದೆ ಓದಿ, ಎಣ್ಣೆ ಅಂತ ಬರೆದಿರುತ್ತೆ. ನಾವು 'ಎಣ್ಣೆ ಇಲ್ಲದೆ' ಮಾಡುತ್ತಿದ್ದದ್ದು ಎಣ್ಣೆ ಇದ್ದದ್ದನ್ನೇ.

ಈ ಡಬ್ಬಿಯೊಳಗೆ ನಡೆಯೋದಾದರೂ ಏನು? ಮೇಲೊಂದು ಹೀಟಿಂಗ್ ಕಾಯಿಲ್, ಅದರ ಮೇಲೆ ಫ್ಯಾನ್, ಕೆಳಗೆ ತೂತಿರುವ ಬುಟ್ಟಿ. ಫ್ಯಾನ್ ಇರುವ ಸಣ್ಣ ಓವನ್, ಅಷ್ಟೇ. ಡಚ್ ಎಂಜಿನಿಯರ್ ಫ್ರೆಡ್ ವಾನ್ ಡರ್ ವೈ ಕೂಡ ಇದರ ಹಿಂದೆ ಬಿದ್ದದ್ದು ಎಣ್ಣೆಯಲ್ಲಿ ಮುಳುಗಿಸದೆ ಗರಿಗರಿ ಫ್ರೈಸ್ ಮಾಡೋಕೇ. 2010ರಲ್ಲಿ ಫಿಲಿಪ್ಸ್ ಅದನ್ನ ಮಾರುಕಟ್ಟೆಗೆ ತಂತು. ಕಾದ ಎಣ್ಣೆಗೆ ಹೋಲಿಸಿದರೆ ಗಾಳಿ ಶಾಖವನ್ನ ನಿಧಾನವಾಗಿ ಕೊಡುತ್ತೆ. ಅದಕ್ಕೇ ಬಾಣಲೆಯಲ್ಲಿ ಐದಾರು ನಿಮಿಷದಲ್ಲಿ ಆಗೋದಕ್ಕೆ ಇಲ್ಲಿ ಹದಿನೈದು ಇಪ್ಪತ್ತು ನಿಮಿಷ. ಗಾಳಿ ಜೋರಾಗಿ ಸುತ್ತಿದಷ್ಟೂ ಮೇಲ್ಮೈಯ ನೀರು ಬೇಗ ಒಣಗುತ್ತೆ, ಒಣಗಿದ ಮೇಲೇ ಕಂದು ಬಣ್ಣ, ಗರಿಗರಿ ಎಲ್ಲಾ. ಬುಟ್ಟಿ ತುಂಬಾ ತುರುಕಿದರೆ ಗಾಳಿಗೆ ದಾರಿಯಿಲ್ಲ, ತರಕಾರಿ ತನ್ನ ಆವಿಯಲ್ಲೇ ಬೆಂದು ಮೆತ್ತಗಾಗುತ್ತೆ. "ಏರ್ ಫ್ರೈಯರಿನಲ್ಲಿ ತರಕಾರಿ ಚೆನ್ನಾಗಿ ಬರಲ್ಲ" ಅನ್ನೋರಲ್ಲಿ ಮುಕ್ಕಾಲು ಜನ ಮಾಡಿರೋ ತಪ್ಪು ಇದೇ. ನಾವೂ ಮಾಡಿದ್ವಿ.

ಗಾಳಿಯಲ್ಲಿ ಮಾಡಿದ್ದು ಅಂತ ಎಷ್ಟು ಬೇಕಾದರೂ ಕಪ್ಪಗೆ ಹುರಿಯಬಹುದು ಅಂದುಕೊಳ್ಳೋದೂ ತಪ್ಪು. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥವನ್ನ 120 ಡಿಗ್ರಿ ದಾಟಿ ಕಾಯಿಸಿದಾಗ ಅಕ್ರಿಲಮೈಡ್ ಅನ್ನೋ ರಾಸಾಯನಿಕ ಹುಟ್ಟುತ್ತೆ. ಆಹಾರದಲ್ಲಿ ಅದು ಇದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಅದು ಎಣ್ಣೆಯಿಂದ ಬರೋದಲ್ಲ, ಒಳಗಿರುವ ಸಕ್ಕರೆ ಮತ್ತು ಆಸ್ಪರಜಿನ್ ಅನ್ನೋ ಅಮೈನೋ ಆಮ್ಲ ಬಿಸಿಯಲ್ಲಿ ಸೇರಿ ಆಗೋದು. ಆದ್ದರಿಂದ ಏರ್ ಫ್ರೈಯರಿನಲ್ಲೂ ಆಗುತ್ತೆ. ಪರಿಹಾರ ಸುಲಭ. ಹೆಚ್ಚಿದ ಆಲೂಗಡ್ಡೆಯನ್ನ ಅರ್ಧ ಗಂಟೆ ನೀರಲ್ಲಿ ನೆನೆಸಿ ಒರೆಸಿ ಹಾಕಿ, ಹೊಂಬಣ್ಣಕ್ಕೆ ಬಂದಾಗ ನಿಲ್ಲಿಸಿ. ಹಸಿ ಆಲೂಗಡ್ಡೆ ಫ್ರಿಜ್ಜಿನಲ್ಲಿ ಇಡಬೇಡಿ.

ಈಗ ತರಕಾರಿಗೆ ಬರೋಣ. ರಜೆ ಮುಗಿದ ಮೇಲೆ ನಮ್ಮ ಮನೆಗೆ ಒಂದು ನಿಯಮ ಬಂತು. ವಾರಕ್ಕೆ ಒಂದೇ ದಿನ ಆಲೂಗಡ್ಡೆ, ಉಳಿದ ದಿನ ಬೇರೆ ಏನಾದರೂ. ಮೊದಲ ಸಲ ಕ್ಯಾರೆಟ್ ಹೊರಗೆ ಕರಿ, ಒಳಗೆ ಹಸಿ. ಬೀಟ್‌ರೂಟ್ ಚರ್ಮದ ಹಾಗೆ ಆಯ್ತು. ಆಮೇಲೆ ಕೈ ಹದ ಬಂತು. ಕ್ಯಾರೆಟ್ ಆದರೆ ಕಿರುಬೆರಳಿನ ದಪ್ಪಕ್ಕೆ, ಎಲ್ಲಾ ಒಂದೇ ಅಳತೆಗೆ ಹೆಚ್ಚಬೇಕು. ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಕಾಲು ಕೆಜಿಗೆ ಒಂದು ಚಿಕ್ಕ ಚಮಚ ಎಣ್ಣೆ, ಒಂದು ಚಮಚ ಅಕ್ಕಿ ಹಿಟ್ಟು, ಸ್ವಲ್ಪ ಅಚ್ಚಖಾರದ ಪುಡಿ. 180 ಡಿಗ್ರಿಯಲ್ಲಿ ಹದಿನೈದು ನಿಮಿಷ, ನಡುವೆ ಎರಡು ಸಲ ಬುಟ್ಟಿ ಕುಲುಕಬೇಕು. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತೆ. ಬೆಂಡೆಕಾಯಿಯನ್ನ ಉದ್ದಕ್ಕೆ ನಾಲ್ಕು ಸೀಳಿ ಚೂರು ಕಡಲೆ ಹಿಟ್ಟು ಸವರಿ ಹಾಕಿದರೆ ಗಾಡಿಯ ಬಜ್ಜಿ ಮರೆತುಹೋಗುತ್ತೆ. ತೊಂಡೆಕಾಯಿ, ಬೀನ್ಸ್, ಹಾಗಲಕಾಯಿಯೂ ಇದೇ ದಾರಿ. ಸಾಸ್ ಬದಲು ಮೊಸರಿಗೆ ಶೇಂಗಾ ಚಟ್ನಿಪುಡಿ ಕಲಸಿ ಅದ್ದಿಕೊಳ್ಳಿ. ಇದನ್ನ ಕಲಿಸಿದವನು ನಮ್ಮ ಹುಬ್ಬಳ್ಳಿ ಹುಡುಗ.

ಸುಳ್ಳು ಹೇಳಲ್ಲ, ಇದು ಫ್ರೆಂಚ್ ಫ್ರೈಸಿನ ಹಾಗೆ ಇರಲ್ಲ. ಕ್ಯಾರೆಟ್ಟಿನಲ್ಲಿ ಸುಮಾರು 88 ಭಾಗ ನೀರು, ಪಿಷ್ಟ ತೀರಾ ಕಡಿಮೆ. ತುದಿ ಗರಿಗರಿ, ನಡು ಮೆತ್ತಗೆ, ಸ್ವಲ್ಪ ಸಿಹಿ. ಅದನ್ನ ಫ್ರೆಂಚ್ ಫ್ರೈಸಿಗೆ ಹೋಲಿಸಿ ತಿಂದರೆ ನಿರಾಸೆ, ಕ್ಯಾರೆಟ್ ಅಂತಲೇ ತಿಂದರೆ ರುಚಿ. ನಾಲ್ಕು ಜನ ಹುಡುಗರು ಒಂದು ಕೆಜಿ ಬೆಂಡೆಕಾಯಿಗೆ ಜಗಳ ಆಡೋದನ್ನ ನಮ್ಮ ಅಮ್ಮಂದಿರು ನೋಡಿದ್ದರೆ ನಂಬುತ್ತಿರಲಿಲ್ಲ.

"ಹೆಚ್ಚೋಕೆ ಟೈಮ್ ಎಲ್ಲಿದೆ ಗುರು, ಇಂಟರ್ನಲ್ಸ್ ಇದೆ" ಅಂತ ನೀವು ಕೇಳಬಹುದು. ನಿಜ, ಅರ್ಧ ಕೆಜಿ ಹೆಚ್ಚೋಕೆ ಹತ್ತು ಹದಿನೈದು ನಿಮಿಷ ಬೇಕು. ಪ್ಯಾಕೆಟ್ ಕತ್ತರಿಸೋಕೆ ಹತ್ತು ಸೆಕೆಂಡ್. ಪ್ಯಾಕೆಟ್ ಗೆಲ್ಲೋದು ಇಲ್ಲೇ. ನಮ್ಮ ಉಪಾಯ ಏನಂದ್ರೆ, ಭಾನುವಾರ ಎಲ್ಲರೂ ಕೂತು ಎರಡು ದಿನದ್ದು ಹೆಚ್ಚಿ ಡಬ್ಬಿಗೆ ಹಾಕೋದು. ಆದರೆ ಮನೆಗಳಲ್ಲಿ ಇದೇ ಕೆಲಸ ಯಾರ ತಲೆಗೆ ಬರುತ್ತೆ ಅಂತಲೂ ಯೋಚಿಸಿ. ಏರ್ ಫ್ರೈಯರ್ ಉಡುಗೊರೆ ಕೊಟ್ಟು "ಅಮ್ಮಾ, ಇನ್ಮೇಲೆ ಹೆಲ್ದಿಯಾಗಿ ಮಾಡು" ಅಂದರೆ ಅಮ್ಮನಿಗೆ ಎಣ್ಣೆ ಉಳಿಯಿತೇ ಹೊರತು ಕೆಲಸ ಉಳಿಯಲಿಲ್ಲ. ಊರಿಗೆ ಹೋದಾಗ ಚಾಕು ನಾವೇ ಹಿಡಿಯೋಣ.

ಎಂಜಿನಿಯರಿಂಗ್ ಓದುವವರಿಗೆ ಒಂದು ಎಚ್ಚರಿಕೆ ಕೂಡ. ನಮ್ಮ ಮಷಿನ್ 1500 ವ್ಯಾಟ್. 230 ವೋಲ್ಟಿಗೆ ಭಾಗಿಸಿ ನೋಡಿ, 6.5 ಆಂಪಿಯರ್. ರೂಮಿನ ಸಣ್ಣ ಸಾಕೆಟ್ ಇರೋದು 6 ಆಂಪಿಯರಿಗೆ. ಮೊದಲ ವಾರ ನಾವು ದೊಡ್ಡ ಪಿನ್ನಿಗೆ ಕನ್ವರ್ಟರ್ ಹಾಕಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ವಿ. ಮೂರನೇ ದಿನ ಬೋರ್ಡು ಮುಟ್ಟೋಕೆ ಆಗದಷ್ಟು ಬಿಸಿ, ಪ್ಲಾಸ್ಟಿಕ್ ಸುಟ್ಟ ವಾಸನೆ. ಬೇಸಿಕ್ ಎಲೆಕ್ಟ್ರಿಕಲ್ ಪಾಸಾದ ನಾಲ್ಕು ಜನ ಮಾಡಿದ ಕೆಲಸ ಇದು. ಈಗ ಅಡುಗೆಮನೆಯ 16 ಆಂಪಿಯರ್ ಸಾಕೆಟ್ ಬಿಟ್ಟು ಬೇರೆಲ್ಲೂ ಹಾಕಲ್ಲ. ಹಾಸ್ಟೆಲ್ಲಿನಲ್ಲಿ ಇರೋರು ಮಂಚದ ಕೆಳಗೆ ಕದ್ದು ಇಟ್ಟು ನಡೆಸೋಕೆ ಹೋಗಬೇಡಿ, ದಯವಿಟ್ಟು.

ಹಾಗಾದ್ರೆ ಕೊಳ್ಳಬೇಕಾ? ಕೊಳ್ಳಲೇಬೇಕು ಅಂತ ಏನಿಲ್ಲ. ಒಂದು ದಪ್ಪ ತಳದ ತವಾ, ಎರಡು ಚಮಚ ಎಣ್ಣೆ ಇದ್ದರೆ ಬೆಂಡೆಕಾಯಿ, ತೊಂಡೆಕಾಯಿ ಚೆನ್ನಾಗೇ ಹುರಿಯುತ್ತೆ, ನಮ್ಮ ಮನೆಗಳಲ್ಲಿ ಪಲ್ಯ ಆಗೋದು ಹಾಗೇ ತಾನೆ? ಈಗಾಗಲೇ ಕೊಂಡಿದ್ದರೆ, ಅಥವಾ ಈ ಮಷಿನ್ನಿನ ನೆಪದಲ್ಲಾದರೂ ಬೀನ್ಸ್, ಕ್ಯಾರೆಟ್ ನಿಮ್ಮ ಹೊಟ್ಟೆಗೆ ಇಳಿಯುತ್ತೆ ಅಂದರೆ, ಧಾರಾಳವಾಗಿ ಬಳಸಿ. ಆದರೆ 'ಹೆಲ್ದಿ' ಅನ್ನೋ ಮಾತನ್ನ ಮಷಿನ್ನಿಗೆ ಅಂಟಿಸಿ ಮನೆಯವರಿಗೆ ಹೇಳಬೇಡಿ. ಅವರು ನಮ್ಮನ್ನ ನಂಬುತ್ತಾರೆ, ಎಂಜಿನಿಯರಿಂಗ್ ಓದೋ ಮಕ್ಕಳು ಹೇಳಿದ್ದು ಅಂತ ಇನ್ನೂ ಹೆಚ್ಚು ನಂಬುತ್ತಾರೆ.

ನಮ್ಮ ಹುಡುಗನ ಅಪ್ಪ ಈಗಲೂ ಆ ಮಷಿನ್ ಬಳಸುತ್ತಾರೆ. ಒಳಗೆ ಹಾಗಲಕಾಯಿ, ಬೆಂಡೆಕಾಯಿ. ಕಳೆದ ಭಾನುವಾರ ವೀಡಿಯೊ ಕಾಲ್‌ನಲ್ಲಿ ತಟ್ಟೆ ತೋರಿಸಿ, "ಇದನ್ನ ಮೊದಲೇ ಹೇಳೋಕೆ ಏನಾಗಿತ್ತೋ ನಿಮಗೆ?" ಅಂತ ನಾಲ್ಕೂ ಜನಕ್ಕೆ ಸೇರಿಸಿ ಬೈದರು. ಬೈಸಿಕೊಂಡ್ವಿ.